ಅವರವರ ತಟ್ಟೆ ಅವರವರೇ

ಗಂಗಾಂಬಿಕೆಯ ಅಡುಗೆಮನೆಯ ಸಿಂಕು. ಅದರ ಮುಂದೆ ಮೊಣಕೈಗೆ ಮೊಣಕೈ ತಗುಲಿಸಿಕೊಂಡು ನಿಂತ ಐದು ಜನ ಹೆಂಗಸರು. ನಿಂಬೆವಾಸನೆಯ ಸೋಪು, ನೊರೆ, ತಟ್ಟೆಗಳ ಠಣಠಣ, ಅದರ ಮೇಲೊಂದು ನಗು. ಈಗ ಅದನ್ನು ನೆನೆದರೆ ಪ್ರಮೀಳಾಳ ಬಾಯಲ್ಲಿ ವಾಂತಿಗೆ ಮುಂಚಿನ ಹುಳಿನೀರು ಊರುತ್ತದೆ. ಆ ನಗುವಿಗಾಗಿ ತಾನು ತಿಂಗಳಿಡೀ ಕಾಯುತ್ತಿದ್ದೆನಲ್ಲ ಎಂಬುದು ನೆನಪಾದರೆ ಇನ್ನೂ ಹೆಚ್ಚು.

ಪ್ರಮೀಳಾ ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮನೆ ತುಮಕೂರಿನ ಮರಳೂರಿನಲ್ಲಿ. ಗಂಡ ಮೋಹನ್‌ಕುಮಾರ್ ಲೈನ್‌ಮನ್, ಇಬ್ಬರು ಗಂಡುಮಕ್ಕಳು ಹೈಸ್ಕೂಲಿನಲ್ಲಿ, ಜೊತೆಗೆ ಹುಲಿಯೂರುದುರ್ಗದ ಕಡೆಯಿಂದ ಬಂದಿರುವ ತಾಯಿ ಪುಟ್ಟತಾಯಮ್ಮ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಬಾಣಂತಿಯರು, ನಾಯಿ ಕಚ್ಚಿಸಿಕೊಂಡವರು, ವಿಷ ಕುಡಿದವರು. ವಾಂತಿ, ರಕ್ತ, ಕೀವು, ಯಾವುದನ್ನು ಕಂಡೂ ಅವಳು ಮೂಗು ಮುಚ್ಚಿದವಳಲ್ಲ. ಹದಿನಾರು ವರ್ಷದ ಸರ್ವೀಸಿನಲ್ಲಿ ಹೇಸಿಗೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಅದು ತಿರುಗಿ ಬಂದದ್ದು ಒಂದು ಎರಡನೇ ಶನಿವಾರದ ಸಂಜೆ, ಅವಳದೇ ಮನೆಯ ಹಾಲಿನಲ್ಲಿ.

ಗೆಳೆತನ ಶುರುವಾದದ್ದು ಅಮಾನಿಕೆರೆಯ ಬೆಳಗಿನ ವಾಕಿಂಗಿನಲ್ಲಿ. ಹಿಂದಿನ ಯುಗಾದಿಗೆ ಸ್ವಲ್ಪ ಮೊದಲು. ಗಂಗಾಂಬಿಕೆ ಅಂದರೆ ಆ ದಾರಿಯಲ್ಲಿ ಓಡಾಡುವ ಹೆಂಗಸರಿಗೆಲ್ಲ ಅಕ್ಕ. ಎಸ್.ಎಸ್. ಪುರಂನಲ್ಲಿ ಎರಡಂತಸ್ತಿನ ಮನೆ, ಗಂಡ ಸಂಗಮೇಶ್ ಕೊಬ್ಬರಿ ಮಂಡಿಯ ಯಜಮಾನ, ಅವಳ ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸಮಯಕ್ಕೊಂದು ವಚನ. ಯಾರಿಗೆ ಮಂಡಿನೋವು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಒಂದು ದಿನ ಪ್ರಮೀಳಾಳ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದಳು.

“ನಿಮ್ದು ಯಾವ ಕಡೆ ಅಂದ್ರಿ?”

“ಕುಣಿಗಲ್ ತಾಲ್ಲೂಕು ಅಕ್ಕ. ಹುಲಿಯೂರುದುರ್ಗದ ಹತ್ರ.”

“ಹೌದಾ! ಅಲ್ಲಿ ನಮ್ಮೋರು ಬೇಕಾದಷ್ಟು ಜನ ಇದಾರೆ. ಊರಲ್ಲಿ ನಿಮ್ಮನೆ ಯಾವ ಬೀದೀಲಿ?”

ಬೀದಿ ಯಾಕೆ ಕೇಳುತ್ತಾರೆಂದು ತಿಳಿಯದಷ್ಟು ಎಳಸಲ್ಲ ಪ್ರಮೀಳಾ. ಸುತ್ತಿ ಬಳಸಿ ಕೇಳುವವರಿಗೆ ನೆಟ್ಟಗೆ ಹೇಳಿ ಮುಗಿಸುವುದು ಅವಳ ಅಭ್ಯಾಸ.

“ಬೀದೀಲಿಲ್ಲ ಅಕ್ಕ, ಕೇರೀಲಿ. ನಾವು ಎಸ್ಸಿ.”

ಗಂಗಾಂಬಿಕೆ ನಿಂತೇಬಿಟ್ಟಳು. ಪ್ರಮೀಳಾಳ ಎರಡೂ ಕೈ ಹಿಡಿದುಕೊಂಡಳು. “ಅಯ್ಯೋ ತಾಯಿ, ನಾನೆಲ್ಲಿ ಅದನ್ನ ಕೇಳ್ದೆ? ಈಗ ಯಾರು ನೋಡ್ತಾರೆ ಅದನ್ನೆಲ್ಲ! ಎರಡನೇ ಶನಿವಾರ ನಮ್ಮನೆಗೆ ಊಟಕ್ಕೆ ಬಾ. ನಾವು ನಾಲ್ಕು ಜನ ತಿಂಗಳಿಗೊಂದ್ಸಲ ಸೇರ್ತೀವಿ. ಇನ್ಮೇಲೆ ನೀನು ಐದನೆಯೋಳು.”

ಹದಿನಾಲ್ಕು ವರ್ಷದಿಂದ ತುಮಕೂರಿನಲ್ಲಿದ್ದಾಳೆ ಪ್ರಮೀಳಾ. ಗೌರಿಹಬ್ಬಕ್ಕೆ ಬಾಗಿಲಲ್ಲೇ ಅರಿಶಿನ ಕುಂಕುಮ ಕೊಟ್ಟು ಕಳಿಸಿದವರುಂಟು, ಅರ್ಧರಾತ್ರಿ ಬಾಗಿಲು ಬಡಿದು ಡ್ರಿಪ್ ಹಾಕಿಸಿಕೊಂಡವರುಂಟು. ಒಳಗೆ ಬಾ, ಕೂತು ಉಣ್ಣು ಅಂದವರಿರಲಿಲ್ಲ. ಆ ದಿನ ಬಸ್ಸಿನಲ್ಲಿ ಗುಬ್ಬಿಯವರೆಗೂ ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೋದಳು.

ಊಟದ ಕೂಟಕ್ಕೆ ಕೆಲವು ಕಟ್ಟಳೆಗಳಿದ್ದವು. ಗಂಡಸರು ಮನೆಯಲ್ಲಿರಬಾರದು. ಫೋನುಗಳು ಫ್ರಿಜ್ಜಿನ ಮೇಲೆ. ಊಟದ ಮನೆಯಲ್ಲಿ ಆಡಿದ ಮಾತು ಹೊಸ್ತಿಲು ದಾಟಬಾರದು. ತಿಂಗಳಿಗೊಬ್ಬರ ಮನೆ, ಯಾರ ಮನೆಯೋ ಅವರೇ ಕೈಯಾರೆ ಅಡುಗೆ ಮಾಡಬೇಕು, ಹೋಟೆಲಿನಿಂದ ತರಿಸುವ ಹಾಗಿಲ್ಲ. ಆಮೇಲೆ ಕೊನೆಯದು. ಆ ಮೊದಲ ಶನಿವಾರ ಉಂಡು ಏಳುವಾಗ ಗಂಗಾಂಬಿಕೆ ಕೈ ಎತ್ತಿ ಹೇಳಿದಳು: “ಇಲ್ಲಿ ಅವರವರ ತಟ್ಟೆ ಅವರವರೇ ತೊಳೀಬೇಕು. ಈ ಮನೇಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ.” ಹೇಳಿ ತಾನೇ ಮೊದಲು ತಟ್ಟೆ ಹಿಡಿದು ಸಿಂಕಿಗೆ ಹೋದಳು. ಬಳೆ ಮೇಲೆ ಸರಿಸಿಕೊಂಡು ತಿಕ್ಕಿದಳು. ಎಲ್ಲರೂ ಸಾಲಾಗಿ ನಿಂತು ತಿಕ್ಕಿದರು.

“ರಿಟೈರ್ ಆದ್ಮೇಲೆ ಇದೊಂದು ಬಾಕಿ ಇತ್ತು ನೋಡ್ರಪ್ಪ,” ಅಂದಳು ಮಹಾಲಕ್ಷ್ಮಮ್ಮ. ಕುಣಿಗಲ್ಲಿನವಳು, ಮೂವತ್ತೈದು ವರ್ಷ ಸ್ಕೂಲಿನಲ್ಲಿ ಮೇಡಂ ಆಗಿದ್ದವಳು, ತೋಟ ತುಡಿಕೆಯ ಮನೆತನ, ಬಾಯಿ ಜೋರು. “ನಮ್ಮನೆಯೋರು ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾರೆ. ಐವತ್ತು ತೆಂಗಿನ ಮರ ಹತ್ತಿ ಇಳೀರಿ ಅಂದ್ರೂ ಇಳೀತಾರೆ, ಒಂದು ಲೋಟ ತೊಳೀರಿ ಅಂದ್ರೆ ಕೈಗೆ ಲಕ್ವ ಹೊಡೀತದೆ.”

ನಗು. ನೊರೆ. ಪ್ರಮೀಳಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಆ ಕೂಟದಲ್ಲಿ ಸುಳ್ಳೇ ಇತ್ತು ಅಂದರೆ ಅದೂ ಸುಳ್ಳು. ಮಾಲಿನಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಗಂಡ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುತ್ತಾನೆ, ಮನೆ ಗುಬ್ಬಿಯಲ್ಲಿ. ಎರಡು ವರ್ಷದಿಂದ ಗಂಡ ತನ್ನ ಜೊತೆ ಆಡಿರುವ ಮಾತೆಲ್ಲ ಸೇರಿಸಿದರೆ ಒಂದು ಪುಟ ಆಗುವುದಿಲ್ಲ ಅಂತ ಅವಳು ಮೇ ತಿಂಗಳಲ್ಲಿ ಹೇಳಿಕೊಂಡಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅನುಪಮಾ, ಎಲ್ಲರಿಗಿಂತ ಚಿಕ್ಕವಳು, ಎರಡು ಸಲ ಬಸಿರು ನಿಲ್ಲದೆ ಹೋದದ್ದನ್ನು ಹೇಳಿ ಪ್ರಮೀಳಾಳ ಭುಜದ ಮೇಲೆ ಅತ್ತಳು. ಪ್ರಮೀಳಾ, ಗಂಡನಿಗೂ ಹೇಳದ್ದನ್ನು ಹೇಳಿದಳು: ಮೊದಲ ಮಗು ಹುಟ್ಟಿದಾಗ ಅದರ ಮುಖ ಕಂಡರಾಗದೆ, ಬಚ್ಚಲಮನೆ ಚಿಲಕ ಹಾಕಿಕೊಂಡು ಮೂರು ತಿಂಗಳು ಅತ್ತದ್ದು. ನರ್ಸಾದ ತನಗೇ ಹೀಗಾದರೆ ಯಾರ ಹತ್ತಿರ ಹೇಳಿಕೊಳ್ಳಲಿ ಎಂದುಕೊಂಡದ್ದು. ಗಂಗಾಂಬಿಕೆ ಅವಳ ಬೆನ್ನು ಸವರಿದಳು. ಬೆನ್ನು ಸವರಿದ ಕೈ ಸುಳ್ಳಾಗಿರಲಿಲ್ಲ.

ತಟ್ಟೆಯ ಕಟ್ಟಳೆಯನ್ನು ಪ್ರಮೀಳಾ ಮನೆಗೂ ತಂದಳು. ಗಂಡನಿಗೂ ಮಕ್ಕಳಿಗೂ ಹುಕುಂ ಹೊರಡಿಸಿದಳು. ಮೋಹನ್‌ಕುಮಾರ್ ಗೊಣಗುತ್ತ, ಕಂಬ ಹತ್ತುವವನ ಗಾಂಭೀರ್ಯದಲ್ಲಿ ತಟ್ಟೆ ತಿಕ್ಕಿದ. ಆಸ್ಪತ್ರೆಯಲ್ಲೂ ಹೇಳಿಕೊಂಡಳು. “ಕೊಬ್ಬರಿ ಮಂಡಿ ಸಾಹುಕಾರ್ರ ಹೆಂಡ್ತಿ ಕಣ್ರೀ, ನಮ್ಮ ಜೊತೆ ನಿಂತು ತಟ್ಟೆ ತೊಳೀತಾರೆ!”

ಪುಟ್ಟತಾಯಮ್ಮ ಮಾತ್ರ ಇದನ್ನು ಕೇಳಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಮೊದ್ಲಿಂದ್ಲೂ ಹಂಗೇನಾ ಅವ್ರು?”

“ಯಾವ್ದು ಅವ್ವ?”

“ತಟ್ಟೆ ತೊಳ್ಯದು. ನೀನು ಹೋಗಕ್ಕೆ ಮೊದ್ಲೂ ತೊಳೀತಿದ್ರಾ?”

“ಅದೆಲ್ಲ ನಾನ್ಯಾಕೆ ಕೇಳ್ಲಿ? ಎಲ್ರೂ ತೊಳೀತೀವಿ ಕಣವ್ವ. ಗಂಗಾಂಬಿಕೆ ಅಕ್ಕನೂ ತೊಳೀತಾರೆ.”

“ನಮ್ಮೂರ್ ಓಟ್ಲಲ್ಲಿ ನಮ್ ಲೋಟ ಬ್ಯಾರೆ ಇಕ್ಕಿದ್ರು, ಆಚೆ ಗ್ವಾಡೆ ಗೂಡ್ನಲ್ಲಿ. ಕುಡ್ದು ನಾವೇ ತೊಳ್ದು ಅಲ್ಲೇ ಮಡಗ್ಬೇಕಾಗಿತ್ತು. ನಾನು ಬಸ್ರಿ ಇದ್ದಾಗ್ಲೂ ಬಗ್ಗಿ ತೊಳ್ದಿವ್ನಿ.”

“ಅದೂ ಇದೂ ಒಂದೇನಾ? ಅಲ್ಲಿ ನೀವು ಮಾತ್ರ ತೊಳೀತಿದ್ರಿ. ಇಲ್ಲಿ ಎಲ್ರೂ. ನಿಂಗೆ ಎಲ್ಲ ಕಡೆ ಅದೇ ಕಾಣ್ತದೆ ಬುಡು.”

“ಹಂಗಾರೆ ಸರಿ ಬುಡವ್ವ,” ಅಂದು ಪುಟ್ಟತಾಯಮ್ಮ ಮತ್ತೆ ಅಗಿಯತೊಡಗಿದಳು. ಅವಳ ‘ಸರಿ’ಯಲ್ಲಿ ಸರಿ ಇರಲಿಲ್ಲ. ಪ್ರಮೀಳಾಗೆ ತಾಯಿಯ ಮೇಲೆ ಸಿಟ್ಟು ಬಂತು. ಒಂದು ಒಳ್ಳೆಯದನ್ನು ಒಳ್ಳೆಯದೆಂದು ನಂಬಲಾರದ ಮುದುಕಿ ಅಂತ.

ಜುಲೈ ತಿಂಗಳ ಸರದಿ ಪ್ರಮೀಳಾಳದು. “ಆಷಾಢ ಕಣೇ, ನಮಗೆಲ್ಲ ಹೊಸ ಮನೆ, ಮೊದಲ ಊಟ ಆಷಾಢದಲ್ಲಿ ಬೇಡ,” ಅಂದಳು ಗಂಗಾಂಬಿಕೆ. ಆ ತಿಂಗಳ ಊಟ ತಿರುಗಿ ಗಂಗಾಂಬಿಕೆಯ ಮನೆಯಲ್ಲೇ ಆಯಿತು. ಆಗಸ್ಟಿಗೆ, “ಶ್ರಾವಣ ಅಲ್ವಾ, ಮಡಿ ಗಿಡಿ ಇರ್ತದೆ, ಆಚೆ ಉಣ್ಣೋದು ಕಷ್ಟ,” ಅಂದಳು ಮಾಲಿನಿ. ಅಂದವಳೇ ಗುಬ್ಬಿಯ ತನ್ನ ಮನೆಗೆ ಎಲ್ಲರನ್ನೂ ಕರೆದಳು. ಎಲ್ಲರೂ ಶ್ರಾವಣದಲ್ಲೇ ಕಾರು ಹತ್ತಿ ಗುಬ್ಬಿಗೆ ಹೋಗಿ ಹೊಟ್ಟೆ ತುಂಬ ಹೋಳಿಗೆ ಉಂಡು ಬಂದರು. ಪ್ರಮೀಳಾಳೂ ಉಂಡಳು. ಇದೂ ಶ್ರಾವಣವೇ ಅಲ್ಲವೇ ಎಂದು ಕೇಳಬೇಕೆನ್ನಿಸಿತು. ನೀರು ಕುಡಿದಳು, ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಗಣೇಶನನ್ನು ಬಿಟ್ಟು ಬಂದ ಮಾರನೆಯ ದಿನವೇ ಪ್ರಮೀಳಾ ವಾಟ್ಸಾಪಿನಲ್ಲಿ ಹಾಕಿದಳು: ಎರಡನೇ ಶನಿವಾರ ಸಂಜೆ ಆರೂವರೆಗೆ ನಮ್ಮನೆ.

ಗಂಗಾಂಬಿಕೆಯ ಫೋನು ಬಂತು. “ಪಿತೃಪಕ್ಷ ಹತ್ರ ಬಂತಲ್ಲೇ.”

“ಅದು ಶುರುವಾಗೋದು ಆಮೇಲಿನ ವಾರ ಅಕ್ಕ. ಕ್ಯಾಲೆಂಡರ್ ನೋಡೇ ಹಾಕಿದೀನಿ.”

“ನೀನು ಡ್ಯೂಟಿ ಮಾಡಿ ಸುಸ್ತಾಗಿರ್ತೀಯಲ್ಲ ತಾಯಿ. ನಮ್ಮನೇಲೇ ಮಾಡೋಣ, ನಿನ್ನ ಹೆಸರಲ್ಲಿ. ನೀನು ಸುಮ್ನೆ ಬಂದು ಕೂತ್ಕೊ, ರಾಣಿ ಹಂಗೆ.”

“ನನ್ನ ಹೆಸರಲ್ಲಿ ನಿಮ್ಮನೇಲಿ ಯಾಕೆ ಅಕ್ಕ? ನನ್ನ ಮನೆ ಇದೆಯಲ್ಲ. ಮಾಂಸ ಮಾಡಲ್ಲ, ಹೆದರ್ಬೇಡಿ. ಹೊಸ ಪಾತ್ರೇಲೇ ಮಾಡ್ತೀನಿ.”

ಹೊಸ ಪಾತ್ರೆಯ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಫೋನಿಟ್ಟ ಮೇಲೆ ಅವಳಿಗೇ ತಿಳಿಯಲಿಲ್ಲ. ಯಾರೂ ಕೇಳಿರಲಿಲ್ಲ. ನಾಲಿಗೆ ತಾನೇ ತಗ್ಗಿ ಹೇಳಿಬಿಟ್ಟಿತ್ತು. ಆ ನಾಲಿಗೆಯನ್ನು ಕಚ್ಚಿ ಉಗಿಯಬೇಕು ಅನ್ನಿಸಿತು. ಆದರೂ ಮಾರನೆಯ ದಿನ ಮಂಡಿಪೇಟೆಗೆ ಹೋಗಿ ಹೊಸ ಕುಕ್ಕರು ತಂದಳು.

ಶನಿವಾರ ಗಂಡನನ್ನೂ ಮಕ್ಕಳನ್ನೂ ನಾದಿನಿಯ ಮನೆಗೆ ಅಟ್ಟಿದಳು. ಮದುವೆಯಲ್ಲಿ ಉಡುಗೊರೆ ಬಂದಿದ್ದ, ಕೊಟ್ಟವರ ಹೆಸರು ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ್ದ ಸ್ಟೀಲು ತಟ್ಟೆಗಳನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಬೆಳಗಿದಳು. ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿಗೆ ತೆಂಗಿನತುರಿ ಹಾಕಿ ಪಲ್ಯ, ಹುಚ್ಚೆಳ್ಳು ಪುಡಿ, ಅನ್ನ, ಮಜ್ಜಿಗೆ, ಶಾವಿಗೆ ಪಾಯಸ. ಮುದ್ದೆ ಕಟ್ಟುವುದು ಮಾತ್ರ ಪುಟ್ಟತಾಯಮ್ಮನ ಕೆಲಸ. ಆ ಕೈಯ ಮುದ್ದೆ ಗಂಟಿಲ್ಲದೆ, ಬಿರುಕಿಲ್ಲದೆ, ಎಳೆಗೂಸಿನ ತಲೆಯ ಹಾಗೆ ಹೊಳೆಯುತ್ತದೆ.

ಆರೂ ಮುಕ್ಕಾಲಿಗೆ ಗಂಗಾಂಬಿಕೆಯ ಕಾರು ಬಂತು. ನಾಲ್ವರೂ ಇಳಿದರು. ಅವರ ಹಿಂದೆ ಡ್ರೈವರು ಎರಡು ಹಾಟ್‌ಬಾಕ್ಸು, ಒಂದು ಪೆಟ್ಟಿಗೆ ನೀರಿನ ಬಾಟಲಿ, ಒಂದು ಕಟ್ಟು ಅಡಿಕೆ ಹಾಳೆಯ ತಟ್ಟೆ ಇಳಿಸಿ ಹೋದ.

“ಇದೆಲ್ಲ ಏನಕ್ಕ?”

“ನಿನಗೆ ಹೊರೆ ಆಗಬಾರ್ದು ಅಂತ ಕಣೇ. ಚಿತ್ರಾನ್ನ, ಕೋಸಂಬರಿ, ಸ್ವಲ್ಪ ಕಡುಬು. ತಟ್ಟೆನೂ ತಂದ್ಬಿಟ್ಟೆ. ಉಂಡು ಎಸೆದುಬಿಟ್ರೆ ಆಯ್ತು, ಯಾರಿಗೂ ಕೆಲಸ ಇಲ್ಲ.”

“ಹೋಟ್ಲಿಂದಾಗ್ಲಿ ಆಚೆಯಿಂದಾಗ್ಲಿ ತರೋ ಹಾಗಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು?”

“ಒಂದ್ಸಲ ಬಿಡೇ! ಎಂಥಾ ಸ್ಟ್ರಿಕ್ಟು ನೀನು, ಆಸ್ಪತ್ರೆ ಅನ್ಕೊಂಡಿದೀಯಾ?” ಗಂಗಾಂಬಿಕೆ ನಕ್ಕು ಅವಳ ಕೆನ್ನೆ ತಟ್ಟಿದಳು.

ಕೂತರು. ಹಾಳೆ ತಟ್ಟೆಗಳು ಕೈಯಿಂದ ಕೈಗೆ ದಾಟಿದವು. ಚಿತ್ರಾನ್ನ ಬಡಿಸಿಕೊಂಡರು, ಕೋಸಂಬರಿ ಬಡಿಸಿಕೊಂಡರು. ಬಾಟಲಿಗಳ ಮುಚ್ಚಳ ಟಕ್ ಟಕ್ ಅಂತ ಬಿಚ್ಚಿದವು. ಹೊಸ ಕುಕ್ಕರಿನ ಅನ್ನ ಹಾಗೇ ಇತ್ತು. ಪಾತ್ರೆ ಹಿಡಿದು ಬಗ್ಗಿದ ಪ್ರಮೀಳಾಗೆ ಮಾಲಿನಿ, “ಇರ್ಲಿ ಪ್ರಮೀಳಾ, ಆಮೇಲೆ ಹಾಕಿಸ್ಕೋತೀನಿ,” ಅಂದಳು. ಗಂಗಾಂಬಿಕೆ ಒಂದು ಬಾಳೆಹಣ್ಣು ತೆಗೆದುಕೊಂಡು, “ನೋಡು, ನಿನ್ನ ಮನೇದು ತಿಂದೆ,” ಅಂದಳು. ಸಿಪ್ಪೆಯೊಳಗಿನ ಹಣ್ಣು! ಮನುಷ್ಯರ ಕೈ ಮುಟ್ಟದ ಹಾಗೆ ದೇವರೇ ಕಟ್ಟಿಕೊಟ್ಟ ಪೊಟ್ಟಣ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಾಲಿಗೆ ಬಂದಳು.

“ಅಲ್ಲಾ ತಾಯಂದ್ರಾ, ಅವರವ್ರ ತಟ್ಟೆ ಅವ್ರೇ ತೊಳ್ಯದು ನಿಮ್ ಪದ್ಧತಿ ಅಂತಿದ್ಲು ನಮ್ ಹುಡ್ಗಿ. ಇವತ್ತು ಬಿಸಾಕೋ ತಟ್ಟೆ ತಂದಿದ್ದೀರಿ. ಆ ಪದ್ಧತಿ ಮೊದ್ಲಿಂದ ಇತ್ತೋ, ನಡುವೆ ಬಂದಿದ್ದೋ?”

“ನಡುವೆ ಬಂದಿದ್ದು ಅಜ್ಜಿ,” ಅಂದುಬಿಟ್ಟಳು ಅನುಪಮಾ, ಬಾಯಲ್ಲಿ ಚಿತ್ರಾನ್ನ ಇಟ್ಟುಕೊಂಡು. “ಮೊದ್ಲೆಲ್ಲ ಕೆಲಸದ ಸಿದ್ದಲಕ್ಷ್ಮಮ್ಮ ತೊಳೀತಿದ್ರು. ಯುಗಾದಿ ಆದ್ಮೇಲೆ...”

ನಿಲ್ಲಿಸಿದಳು. ನಿಲ್ಲಿಸಿದ್ದರಿಂದಲೇ ಮುಗಿದುಹೋಯಿತು. ಯುಗಾದಿಯಾದ ಮೇಲೆ ಆ ಕೂಟಕ್ಕೆ ಹೊಸದಾಗಿ ಬಂದದ್ದು ಎರಡೇ. ಒಂದು ಆ ಕಟ್ಟಳೆ, ಇನ್ನೊಂದು ಪ್ರಮೀಳಾ.

ಪ್ರಮೀಳಾ ಪಾತ್ರೆಯನ್ನು ಕೆಳಗಿಟ್ಟಳು. ಒಂದೊಂದಾಗಿ ಎಲ್ಲ ಸಿಂಕುಗಳೂ ಕಣ್ಣೆದುರು ಬಂದವು. ಎಸ್.ಎಸ್. ಪುರಂನ ಸಿಂಕು, ಕುಣಿಗಲ್ಲಿನ ಹಿತ್ತಲ ನಲ್ಲಿ, ಅನುಪಮಾಳ ಮನೆಯ ಪುಟ್ಟ ಸಿಂಕು, ಗುಬ್ಬಿಯ ಮನೆಯ ಹೊಸ ಗ್ರಾನೈಟು. ಎಲ್ಲ ಕಡೆಯೂ ಅವಳು ಎಷ್ಟು ಉಜ್ಜಿ ತೊಳೆದಿದ್ದಳು! ಉಳಿದವರಿಗಿಂತ ಚೆನ್ನಾಗಿ, ಎರಡೆರಡು ಸಲ ಸೋಪು ಹಾಕಿ.

“ನನಗೋಸ್ಕರನಾ ಅಕ್ಕ ಆ ಕಟ್ಟಳೆ?”

ಗಂಗಾಂಬಿಕೆಯ ಕಣ್ಣಲ್ಲಿ ನೀರು ಬಂತು. ಅವಳಿಗೆ ಕಣ್ಣೀರು ಬೇಗ ಬರುತ್ತದೆ. “ನಿನಗೋಸ್ಕರನೇ ಕಣೇ. ಅದನ್ನ ತಪ್ಪು ತಿಳ್ಕೋಬೇಡ. ‘ಅವ್ರ ತಟ್ಟೆ ನಾನು ಮುಟ್ಟಲ್ಲ ಅಮ್ಮೋರೇ, ಕೆಲಸ ಬಿಡ್ತೀನಿ’ ಅಂದ್ಲು ಸಿದ್ದಲಕ್ಷ್ಮಮ್ಮ. ದಿನಾ ಕೋರದಿಂದ ಬಸ್ಸಲ್ಲಿ ಬರೋಳು, ಬಿಟ್ರೆ ಇನ್ನೊಬ್ರು ಸಿಗಲ್ಲ. ಹಂಗಂತ ನಿನ್ನೊಬ್ಬಳಿಗೇ ‘ತೊಳೆದಿಡು’ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಅದಕ್ಕೆ ಎಲ್ರೂ ತೊಳೆಯೋಣ ಅಂದೆ. ಮದುವೆ ಆದಾಗಿಂದ ಎಂಜಲು ಪಾತ್ರೆ ಮುಟ್ಟದೋಳು ಕಣೇ ನಾನು! ನಿನ್ನ ಮರ್ಯಾದೆ ಉಳೀಲಿ ಅಂತ ತೊಳೆದೆ. ಇವರನ್ನೆಲ್ಲ ಒಪ್ಪಿಸ್ದೆ. ಕೇಳು ಬೇಕಾದ್ರೆ.”

ಮಾಲಿನಿ, ಮಹಾಲಕ್ಷ್ಮಮ್ಮ ತಲೆಯಾಡಿಸಿದರು. ಹೌದು, ಒಪ್ಪಿದ್ದರು. ನಾಲ್ಕು ಮುಖಗಳೂ ಏನನ್ನೋ ಕಾಯುತ್ತಿದ್ದವು. ಪ್ರಮೀಳಾಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಅವರು ಥ್ಯಾಂಕ್ಸಿಗೆ ಕಾಯುತ್ತಿದ್ದರು.

“ನಮ್ ಕಾಲ್ದಾಗೆ ನಾವಷ್ಟೇ ತೊಳೀತಿದ್ವಿ,” ಅಂದಳು ಪುಟ್ಟತಾಯಮ್ಮ. “ಈಗ ನಮ್ ದೆಸೆಯಿಂದ ನಿಮ್ಗೂ ಬಂತಲ್ಲ ತಾಯಿ ಆ ಪಾಡು. ಪಾಪ.”

“ನೀವು ಸುಮ್ನಿರಿ ಅಜ್ಜಿ, ಹಳೇದೆಲ್ಲ ಕೆದಕಬಾರ್ದು,” ಅಂದಳು ಮಾಲಿನಿ, ಕ್ಲಾಸಿನಲ್ಲಿ ಅನ್ನುವ ದನಿಯಲ್ಲಿ.

ಪ್ರಮೀಳಾ ಗಂಗಾಂಬಿಕೆಯನ್ನೇ ನೋಡುತ್ತಿದ್ದಳು. “ಸಿದ್ದಲಕ್ಷ್ಮಮ್ಮ ಅಂದ್ರು ಅಂತಾನೇ ಇಟ್ಕೊಳೋಣ ಅಕ್ಕ. ‘ಹಂಗಾದ್ರೆ ಆ ತಟ್ಟೆ ನಾನೇ ತೊಳೀತೀನಿ’ ಅಂತ ನೀವು ಅನ್ನಬಹುದಿತ್ತು.”

ಗಂಗಾಂಬಿಕೆ ಬಾಳೆಹಣ್ಣಿನ ಸಿಪ್ಪೆಯನ್ನು ಹಾಳೆ ತಟ್ಟೆಯ ಅಂಚಿಗೆ ಸರಿಸಿದಳು.

“ಒಂದು ತಟ್ಟೆ ಅಕ್ಕ. ತಿಂಗಳಿಗೊಂದ್ಸಲ. ನಮ್ಮನೇಲಿ ನಾನು ಅವ್ವಂದು ತೊಳೀತೀನಿ, ಆಸ್ಪತ್ರೇಲಿ ಬಾಣಂತಿಯರ ಮೈನೇ ತೊಳೀತೀನಿ. ನಂದೊಂದು ತಟ್ಟೆ ಮುಟ್ಟಬಾರ್ದು ಅಂತ ಐದು ಜನಾನೂ ಸಿಂಕಿನ ಮುಂದೆ ಸಾಲಾಗಿ ನಿಲ್ಲಿಸಿದ್ರಲ್ಲ. ಅದಕ್ಕೆ ದೊಡ್ಡೋರು ಚಿಕ್ಕೋರು ಅಂತಿಲ್ಲ ಅಂತ ಭಾಷಣ ಬೇರೆ.”

“ಛೆ, ಏನ್ ಮಾತು ಅಂತ ಆಡ್ತೀಯ!” ಮಹಾಲಕ್ಷ್ಮಮ್ಮ ದೊಡ್ಡ ದನಿ ತೆಗೆದಳು. “ನಾನೆಲ್ಲಿ ಅದೆಲ್ಲ ಮಾಡ್ತೀನಿ? ತತ್ತಾ ಇಲ್ಲಿ ನಿನ್ ಮುದ್ದೇನ!”

ಪ್ರಮೀಳಾ ಒಳಗೆ ಹೋದಳು. ಬೆಳಗಿದ ತಟ್ಟೆಗಳನ್ನು ತಂದು ನಾಲ್ವರ ಮುಂದೆಯೂ ಇಟ್ಟಳು. ಹಾಳೆ ತಟ್ಟೆಗಳನ್ನು ಚಿತ್ರಾನ್ನದ ಸಮೇತ ಎತ್ತಿ ಪಕ್ಕಕ್ಕೆ ಸರಿಸಿದಳು. ಮುದ್ದೆ ಇಟ್ಟಳು, ಬಸ್ಸಾರು ಬಿಟ್ಟಳು, ಪಲ್ಯ ಹಾಕಿದಳು.

“ಉಣ್ಣಿ. ಇಲ್ಲಾಂದ್ರೆ ಎದ್ದು ಹೋಗಿ. ಎರಡರಲ್ಲಿ ಒಂದು.”

ಮಹಾಲಕ್ಷ್ಮಮ್ಮ ತುತ್ತು ಮುರಿದು, ಅದ್ದಿ, ಗುಳುಂ ಅಂತ ನುಂಗಿದಳು. ಮತ್ತೊಂದು. “ಆಹಾ! ಏನ್ ಸಾರು! ನೋಡ್ರೀ, ನಾನು ತಿಂದೆ. ಮಾಲಿನಿ, ನೋಡಿದ್ಯಾ? ಒಂದು ಫೋಟೋ ತೆಗಿಯೇ. ಗ್ರೂಪಿಗೆ ಹಾಕು, ನನ್ ಮಗನಿಗೂ ಕಳಿಸ್ತೀನಿ, ನಮ್ಮಮ್ಮ ಎಷ್ಟು ಫಾರ್ವರ್ಡ್ ಅಂತ ತಿಳೀಲಿ.” ತುತ್ತನ್ನು ತುಟಿಯ ಹತ್ತಿರ ಹಿಡಿದು ಕ್ಯಾಮೆರಾ ನೋಡಿ ಹಲ್ಲು ಕಿರಿದಳು. ಮಾಲಿನಿ ನಿಜಕ್ಕೂ ಫೋನೆತ್ತಿ ತೆಗೆದಳು. ಫೋನು ಫ್ರಿಜ್ಜಿನ ಮೇಲಿಡುವ ಕಟ್ಟಳೆ ಈ ಮನೆಗೆ ಅನ್ವಯಿಸಿರಲಿಲ್ಲ. ತೆಗೆದು, “ನಂಗೆ ಎರಡು ದಿನದಿಂದ ಅಸಿಡಿಟಿ, ಮುದ್ದೆ ಆಗಲ್ಲ,” ಅಂದು ತಟ್ಟೆಯ ಅಂಚನ್ನು ಒಂದು ಬೆರಳಿನಿಂದ ದೂರ ತಳ್ಳಿದಳು.

ಅವ್ವನ ಊರಿನ ಹೋಟೆಲಿನವನು ಕಾಫಿ ಕೊಟ್ಟು ಫೋಟೋ ತೆಗೆಸಿಕೊಂಡಿರಲಿಲ್ಲ. ಅಷ್ಟು ಮಟ್ಟಿಗೆ ಅವನೇ ವಾಸಿ ಅನ್ನಿಸಿತು ಪ್ರಮೀಳಾಗೆ.

“ನಾನು ತಿಂತೀನಿ,” ಅಂದಳು ಗಂಗಾಂಬಿಕೆ. ಕಣ್ಣೊರೆಸಿಕೊಂಡಳು. “ನೀನು ನನ್ನ ತಂಗಿ ಕಣೇ. ಬೇಜಾರ್ ಮಾಡ್ಕೋಬೇಡ. ತಿಂತೀನಿ.”

ಮುದ್ದೆಯನ್ನು ಮುರಿದಳು. ಸಾರಿಗೆ ಅದ್ದಿದಳು. ಬಾಯಿಯ ಹತ್ತಿರ ತಂದಳು. ಕೈ ಅಲ್ಲಿ ನಿಂತಿತು. ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಕಣ್ಣು ಮುಚ್ಚಿದ್ದು ಎಲ್ಲರಿಗೂ ಕಾಣಿಸಿತು. ತುತ್ತು ಬಾಯಿಗೆ ಹೋಯಿತು. ಗಂಟಲು ಒಂದು ಸಲ ಏರಿತು, ಇಳಿಯಲಿಲ್ಲ. ಭುಜಗಳು ಕುಲುಕಿದವು. ‘ಓವ್’ ಅಂತ ಒಳಗಿನಿಂದ ಶಬ್ದ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪ್ರಮೀಳಾಗೆ ಓಕರಿಕೆಗಳ ಪರಿಚಯವಿದೆ. ಅಜೀರ್ಣದ ಓಕರಿಕೆ, ಬಸಿರಿನ ಓಕರಿಕೆ, ಇಲಿಪಾಷಾಣದ ಓಕರಿಕೆ, ಒಂದೊಂದನ್ನೂ ಬಾಗಿಲಾಚೆಯಿಂದಲೇ ಗುರುತು ಹಿಡಿದಾಳು. ಇದು ಅವುಗಳ ಪೈಕಿ ಅಲ್ಲ. ಇದನ್ನು ಅಜ್ಜಿ ಅಮ್ಮನಿಗೆ, ಅಮ್ಮ ಮಗಳಿಗೆ, ಮನೆಯ ಒಡವೆಯ ಜೊತೆ ದಾಟಿಸಿದ್ದಾರೆ. ಗಂಗಾಂಬಿಕೆ ನಾಟಕ ಆಡುತ್ತಿರಲಿಲ್ಲ. ಆಡಿದ್ದರೆ ಬೈದು ಬಿಡಬಹುದಿತ್ತು. ಅವಳು ಮನಸಾರೆ ನುಂಗಲು ನೋಡಿದಳು, ಮೈ ಒಪ್ಪಲಿಲ್ಲ. ಬೆನ್ನು ಸವರಿದ್ದೂ ಈ ಮೈಯೇ. ಎರಡು ಕೈ ಹಿಡಿದು ಐದನೆಯವಳು ಅಂದದ್ದೂ ಈ ಮೈಯೇ.

ಮಕ್ಕಳ ಭೇದಿ ಬಳಿದ, ಸುಟ್ಟವರ ಚರ್ಮ ಬಿಡಿಸಿದ ಪ್ರಮೀಳಾಗೆ ಎದುರಿನ ಆ ಬಾಯಿ, ಆ ಸೆರಗು, ಅದರ ಅಂಚಿನಲ್ಲಿ ಅಂಟಿದ ರಾಗಿಯ ಚೂರು ಕಂಡು ಹೊಟ್ಟೆಯೆಲ್ಲ ತಿರುವಿ ಬಂತು. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ಮುಖ ತಿರುಗಿಸಿದಳು.

“ಇನ್ನೊಂದ್ಸಲ ನೋಡ್ತೀನಿ, ಇರು,” ಅಂದಳು ಗಂಗಾಂಬಿಕೆ, ಅಳುತ್ತ. ಮತ್ತೆ ತಟ್ಟೆಗೆ ಕೈ ಹಾಕಿದಳು.

“ಬೇಡ ಅಕ್ಕ.” ಪ್ರಮೀಳಾ ತಟ್ಟೆ ಎಳೆದುಕೊಂಡಳು. “ನಮ್ಮವ್ವ ಕಟ್ಟಿದ ಮುದ್ದೆ ಇದು. ಔಷಧಿ ಕುಡಿದಂಗೆ ಮೂಗು ಹಿಡ್ಕೊಂಡು ತಿನ್ನೋದಕ್ಕಲ್ಲ ಮಾಡಿರೋದು. ಏಳಿ. ನಿಮ್ಮ ಸಾಮಾನೆಲ್ಲ ತಗೊಂಡು ಏಳಿ.”

“ಇಷ್ಟಕ್ಕೆಲ್ಲ ಸ್ನೇಹ ಕಡ್ಕೋತಾರೇನೇ?” ಅಂದಳು ಮಹಾಲಕ್ಷ್ಮಮ್ಮ, ಬೆರಳು ನೆಕ್ಕುತ್ತ. “ನಾನು ತಿಂದ್ನಲ್ಲ!”

“ತಿಂದ್ರಿ. ಫೋಟೋನೂ ಬಂತಲ್ಲ ಮೇಡಂ. ಹೋಗಿ.”

ಮಾಲಿನಿ ಎದ್ದು ಚಪ್ಪಲಿ ಹುಡುಕುತ್ತ, ಸಣ್ಣಗೆ, ಆದರೆ ಕೇಳಿಸುವ ಹಾಗೆ, “ಇದಕ್ಕೇ ನೋಡಿ ಇವರ ಹತ್ರ ಹುಷಾರಾಗಿರ್ಬೇಕು ಅನ್ನೋದು. ಎಷ್ಟು ಮಾಡಿದ್ರೂ ಕಡಿಮೆ,” ಅಂದಳು. ಹಾಟ್‌ಬಾಕ್ಸುಗಳನ್ನು ಪುಟ್ಟತಾಯಮ್ಮ ಬಾಗಿಲಾಚೆಯ ಮೆಟ್ಟಿಲ ಮೇಲೆ ಇಟ್ಟು ಬಂದಳು. ಒಂದೂ ಮರೆಯದ ಹಾಗೆ, ನೀರಿನ ಬಾಟಲಿಗಳ ಸಮೇತ. ಗಂಗಾಂಬಿಕೆ ಹೊಸ್ತಿಲಲ್ಲಿ ತಿರುಗಿ ಕೈ ಚಾಚಿದಳು. ಪ್ರಮೀಳಾ ಆ ಕೈ ಮುಟ್ಟಲಿಲ್ಲ. ಕಾರಿನ ಬಾಗಿಲು ಮೂರು ಸಲ ಬಡಿದುಕೊಂಡಿತು.

ಅನುಪಮಾ ಹೋಗಿರಲಿಲ್ಲ. ತನ್ನ ತಟ್ಟೆಯ ಮುಂದೆ ಹಾಗೇ ಕೂತಿದ್ದಳು, ಮುದ್ದೆ ಮುಟ್ಟದೆ.

“ಅಕ್ಕ, ನಾನಿರ್ಲಾ? ನಾನು ಉಣ್ತೀನಿ. ಎಲ್ಲ ತಟ್ಟೆನೂ ನಾನೇ ತೊಳೀತೀನಿ.”

“ನಿನಗೆ ಯಾವತ್ತಿಂದ ಗೊತ್ತಿತ್ತು?”

“ಮೊದಲನೇ ದಿನದಿಂದ.” ಹುಡುಗಿ ತಲೆ ತಗ್ಗಿಸಿದಳು. “ನೀವು ಬರೋ ಮುಂಚೆನೇ ಮಾತಾಡ್ಕೊಂಡ್ರು. ನಿಮಗೆ ಬೇಜಾರಾಗುತ್ತೆ ಅಂತ ನಾನು ಹೇಳ್ಲಿಲ್ಲ.”

“ನನ್ನ ಭುಜದ ಮೇಲೆ ತಲೆ ಇಟ್ಟು ಅತ್ಯಲ್ಲ. ಆಗ್ಲೂ ಗೊತ್ತಿತ್ತು.”

“ಹೂಂ.”

“ಬೇಜಾರಾಗಿದೆ ಅನುಪಮಾ. ಹೋಗು.”

ಅವಳೂ ಹೋದಳು. ಆಟೋಗಾಗಿ ಬೀದಿಯ ಕೊನೆಯವರೆಗೂ ನಡೆದುಕೊಂಡು ಹೋಗುವುದನ್ನು ಪ್ರಮೀಳಾ ಕಿಟಕಿಯಿಂದ ನೋಡಿದಳು. ಕರೆಯಬೇಕು ಅನ್ನಿಸಿತು. ಕರೆಯಲಿಲ್ಲ. ಯಾವತ್ತಾದರೂ ಕರೆಯಬಹುದೇನೋ. ಇವತ್ತು ಇವಳನ್ನು ಸಮಾಧಾನ ಮಾಡುವ ಕೆಲಸವೂ ತನ್ನದೇ ಆಗಬಾರದು.

ತಿರುಗಿ ನೋಡಿದರೆ ಪುಟ್ಟತಾಯಮ್ಮ ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆ ಮುಂದಿಟ್ಟುಕೊಂಡಿದ್ದಳು. ದೊಡ್ಡ ಮುದ್ದೆಯನ್ನೇ ಆರಿಸಿಕೊಂಡಿದ್ದಳು. ಸೊರ್ ಸೊರ್ ಎಂದು ಸಾರು ಎಳೆದುಕೊಂಡು, ಕಾಳಿನ ಪಲ್ಯ ನಂಜಿಕೊಂಡು ಉಣ್ಣುತ್ತಿದ್ದಳು.

ಪ್ರಮೀಳಾಗೆ ಆ ಸದ್ದೂ ತಡೆಯಲಾಗಲಿಲ್ಲ. “ಹೆಂಗೆ ಉಣ್ತೀಯಾ ಅವ್ವ ನೀನು? ಹೆಂಗೆ ಇಳೀತದೆ ನಿಂಗೆ? ನಂಗೆ ವಾಂತಿ ಬರಂಗಾಗ್ತಿದೆ.”

“ನಾನ್ಯಾಕ್ಲೇ ಉಪಾಸ ಬೀಳ್ಲಿ?” ಪುಟ್ಟತಾಯಮ್ಮ ತಲೆಯೆತ್ತಲಿಲ್ಲ. “ಹೊಲಸು ತುಂಬ್ಕೊಂಡಿರೋದು ಅವ್ರ ಹೊಟ್ಟೇಲಿ. ನನ್ ಹೊಟ್ಟೆ ನೆಟ್ಟಗದೆ. ಇಂಥೋವು ಒಂದೊಂದಕ್ಕೂ ಉಣ್ಣಾದು ಬುಟ್ಟಿದ್ರೆ ನೀನೂ ಹುಟ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಕೂತ್ಕೊ.”

“ಆಗಲ್ಲ ಅವ್ವ.”

“ಆಯ್ತದೆ ಕೂತ್ಕೊ. ಅವಳ್ಗೆ ಓಕರ್ಸ್ತು ಅಂತ ನಾನ್ ಕಟ್ಟಿದ್ ಮುದ್ದೆ ನಿಂಗೂ ಓಕರ್ಸಿದ್ರೆ, ಅವಳು ಬಂದಿದ್ ಕೆಲ್ಸ ಆಯ್ತು.”

ಪ್ರಮೀಳಾ ಗೋಡೆಗೆ ಕೈ ಕೊಟ್ಟು ನಿಂತೇ ಇದ್ದಳು. ಆಮೇಲೆ ಕೂತಳು. ಒಂದು ತುತ್ತು ಮುರಿದು ಅದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚದೆ, ಎದುರಿನ ಖಾಲಿ ಗೋಡೆಯನ್ನು ದುರುಗುಟ್ಟಿ ನೋಡುತ್ತ ನುಂಗಿದಳು. ಇಳಿಯಿತು.

“ಸಾರು ಬುಡ್ಲಾ?” ಅಂದಳು ಪುಟ್ಟತಾಯಮ್ಮ.

“ಬುಡು.”